ಅವರೇ ತೆಗೆಯುವ ಮೊದಲು ನಾನಾಗಿ ಕೆಲಸ ಬಿಡಲೇ? ನರಸಾಪುರದಿಂದ ಒಂದು ಪ್ರಶ್ನೆ

ಅಂತರಗಂಗೆ ದಾರಿ (ಫೆಬ್ರವರಿ 8, ರಾತ್ರಿ 11.40)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮೂರು ರಾತ್ರಿಯಿಂದ ನಿದ್ದೆ ಇಲ್ಲ.

ನನಗೆ 31 ವರ್ಷ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸ. ಕಳೆದ ಅಕ್ಟೋಬರಿಗೆ ನಾಲ್ಕು ವರ್ಷ ತುಂಬಿತು. ಒಟ್ಟು ಸಂಬಳ 20,400, ಕೈಗೆ ಬರುವುದು ಹದಿನೆಂಟು ಸಾವಿರದ ಆಸುಪಾಸು. ಕೋಲಾರದಲ್ಲಿ ಬಾಡಿಗೆ ಮನೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಹೆಂಡತಿಗೆ ಈಗ ಏಳು ತಿಂಗಳು.

ಆಗಸ್ಟ್‌ನಲ್ಲಿ ಹೊಸ ವ್ಯವಸ್ಥಾಪಕರು ಬಂದ ಮೇಲೆ ಎಲ್ಲ ಬದಲಾಯಿತು. ನವೆಂಬರಿನಲ್ಲಿ ಮೊದಲ ಮೆಮೊ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದ ವಾರ, ಮೂರು ದಿನ ಕ್ಲಾಕ್ ಟವರ್ ಹತ್ತಿರ ಕಂಪನಿಯ ಬಸ್ ತಪ್ಪಿ ತಡವಾಗಿ ಹೋಗಿದ್ದೆ. ಜನವರಿಯಲ್ಲಿ ಎರಡನೆಯದು. 640 ಬುಷ್‌ಗಳ (ಒಳಗೆ ರಂಧ್ರವಿರುವ ಕೊಳವೆಯಂಥ ಬಿಡಿಭಾಗ) ಒಂದು ಕಂತು ಗ್ರಾಹಕರಿಂದ ವಾಪಸು ಬಂತು. ಒಳವ್ಯಾಸ ಹೆಚ್ಚಾಗಿತ್ತು. ತಪಾಸಣಾ ವರದಿಯಲ್ಲಿ ಇರುವುದು ನನ್ನ ಸಹಿ.

ಆ ದಿನದ್ದನ್ನು ಇದ್ದಂತೆಯೇ ಹೇಳುತ್ತೇನೆ. ಬದಲಿಯವನು ಬಾರದೆ ನಾನು ಎರಡು ಪಾಳಿ ಸೇರಿಸಿ ಹದಿನಾರು ಗಂಟೆ ನಿಂತಿದ್ದೆ. ಪ್ಲಗ್ ಗೇಜಿನ ಒಂದು ತುದಿ ರಂಧ್ರದೊಳಗೆ ಸಲೀಸಾಗಿ ಹೋಗಬೇಕು, 'ನೋ ಗೋ' ತುದಿ ಹೋಗಬಾರದು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅದು ಹೋಗುತ್ತಿತ್ತೋ ಇಲ್ಲವೋ ನನ್ನ ಬೆರಳಿಗೆ ತಿಳಿಯುತ್ತಿರಲಿಲ್ಲ. ಸಹಿ ಹಾಕಿದವನು ನಾನೇ. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ನಿನ್ನೆ ಶನಿವಾರ ಎಚ್‌ಆರ್ ಅಧಿಕಾರಿ ಒಳಗೆ ಕರೆದು ಕೂರಿಸಿದರು. ಮೇಜಿನ ಮೇಲೆ ಒಂದು ಬಿಳಿ ಹಾಳೆ, ಅದರ ಮೇಲೆ ಪೆನ್ನು. "ನೀವೇ ಬರೆದುಕೊಟ್ಟರೆ ಒಳ್ಳೆಯ ರಿಲೀವಿಂಗ್ ಪತ್ರ ಕೊಡುತ್ತೇವೆ. ನಾವು ತೆಗೆದರೆ ಈ ಸುತ್ತಮುತ್ತ ಯಾವ ಕಂಪನಿಯೂ ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ಬುಧವಾರದವರೆಗೆ ಯೋಚಿಸಿ" ಎಂದರು. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಮರ್ಯಾದೆಯಿಂದ ನಾನೇ ಬಿಟ್ಟುಬಿಡುವುದು ಮೇಲೇ? ಇಲ್ಲ, ತೆಗೆಯುವವರೆಗೂ ಇರಲೇ? ಗೊತ್ತಿರುವವರು ದಯವಿಟ್ಟು ಹೇಳಿ.

ಸಂಬಳಪಟ್ಟಿ (ಫೆಬ್ರವರಿ 9, ಬೆಳಿಗ್ಗೆ 6.15)

ಮೊದಲನೆಯದು, ಆ ಹಾಳೆಯ ಮೇಲೆ ಇವತ್ತು ಒಂದು ಅಕ್ಷರವನ್ನೂ ಬರೆಯಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಾನು ಮಾಲೂರು, ವೇಮಗಲ್ ಕಡೆಯ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದವನು. ಹೇಳಿಕೊಳ್ಳಲು ಸಂಕಟವಾಗುತ್ತದೆ, ಆದರೆ ಹೇಳಲೇಬೇಕು: ಅಂಥ ಬಿಳಿ ಹಾಳೆಗಳನ್ನು ಮೇಜಿನ ಮೇಲೆ ಇಟ್ಟವರಲ್ಲಿ ನಾನೂ ಒಬ್ಬ. ಏಕೆ ಇಡುತ್ತಿದ್ದೆವು ಎಂಬುದು ನಿಮಗೆ ಗೊತ್ತಿರಬೇಕು. ತಪ್ಪು ಮಾಡಿದ ಎಂದು ಕಾರ್ಮಿಕನನ್ನು ವಜಾ ಮಾಡಬೇಕಾದರೆ ಆರೋಪಪಟ್ಟಿ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು. ಆರ್ಡರ್ ಇಲ್ಲ, ಜನ ಹೆಚ್ಚಾದರು ಎಂದು ಕಡಿತ ಮಾಡಬೇಕಾದರೆ ಒಂದು ವರ್ಷಕ್ಕೆ ಮೇಲ್ಪಟ್ಟ ಸೇವೆಯವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದಷ್ಟು ಪರಿಹಾರ ಕೊಡಬೇಕು. ನೀವೇ "ವೈಯಕ್ತಿಕ ಕಾರಣದಿಂದ" ಎಂದು ಬರೆದುಕೊಟ್ಟರೆ ಇದು ಯಾವುದೂ ಇಲ್ಲ. ಆ ಹಾಳೆಯ ಬೆಲೆ ಅವರಿಗೆ ಗೊತ್ತಿದೆ.

ಇನ್ನೊಂದು ಮಾತು. ನಿಜಕ್ಕೂ ನಿಮ್ಮನ್ನು ತೆಗೆಯಲು ಕಾಗದಪತ್ರ ಸಿದ್ಧವಿದ್ದರೆ ಅವರು ಹಾಳೆ ಕೊಡುತ್ತಿರಲಿಲ್ಲ, ಆರೋಪಪಟ್ಟಿ ಕೊಡುತ್ತಿದ್ದರು.

ಈಗ ಮೂರು ವಿಷಯ ತಿಳಿಸಿ. ನೇಮಕಾತಿ ಪತ್ರದಲ್ಲಿ ನೀವು ಕಾಯಂ ನೌಕರರೋ, ಅವಧಿ ಗೊತ್ತುಪಡಿಸಿದವರೋ, ಗುತ್ತಿಗೆದಾರರ ಮೂಲಕವೋ? ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ಎಷ್ಟು? ಎರಡೂ ಮೆಮೊಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟಿದ್ದೀರಾ?

ಅಂತರಗಂಗೆ ದಾರಿ (ಫೆಬ್ರವರಿ 9, ಮಧ್ಯಾಹ್ನ 2.50)

ಕಾಯಂ, ಸರ್. ಮೂಲ ವೇತನ ಮತ್ತು ಡಿಎ 15,600. ಮೊದಲ ಮೆಮೊಗೆ ಉತ್ತರ ಕೊಟ್ಟಿದ್ದೆ, ಪ್ರತಿ ಇಟ್ಟುಕೊಳ್ಳಲಿಲ್ಲ. ಎರಡನೆಯದಕ್ಕೆ ಇನ್ನೂ ಕೊಟ್ಟಿಲ್ಲ. ಹೇಗೂ ತೆಗೆಯುತ್ತಾರಲ್ಲ ಎಂದು ಸುಮ್ಮನಿದ್ದೆ.

ಟೊಮೆಟೊ ಮಂಡಿ (ಫೆಬ್ರವರಿ 9, ಸಂಜೆ 4.30)

ಅಣ್ಣ, ನನ್ನದು ಕೇಳಿ. ನಾನು ಹೆದರಿ ಬಿಟ್ಟವನು.

ಆರು ವರ್ಷ ಪೂರ್ತಿ ದುಡಿದಿದ್ದೆ. ಪಟ್ಟಿ ತಯಾರಾಗುತ್ತಿದೆ, ಅದರಲ್ಲಿ ನನ್ನ ಹೆಸರೂ ಇದೆ ಎಂದು ಕ್ಯಾಂಟೀನಿನಲ್ಲಿ ಗುಸುಗುಸು. ಹದಿನೈದು ದಿನ ಆ ಗುಸುಗುಸುವನ್ನೇ ಉಂಡು, ಅದನ್ನೇ ಹೊದ್ದು ಮಲಗಿದೆ. ಕೊನೆಗೆ ಒಂದು ಬೆಳಿಗ್ಗೆ ರಾಜೀನಾಮೆ ಕೊಟ್ಟು ಹೊರಗೆ ಬಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಹಗುರ ಎರಡು ದಿನ ಇತ್ತು. ಮೂರು ವಾರ ಕಳೆದ ಮೇಲೆ ಕಂಪನಿ ನಿಜವಾಗಿಯೂ ಜನರನ್ನು ಕಡಿತ ಮಾಡಿತು. ನನ್ನ ಪಕ್ಕದ ಯಂತ್ರದಲ್ಲಿ ನಿಲ್ಲುತ್ತಿದ್ದವನಿಗೂ ಆರೇ ವರ್ಷ. ಅವನಿಗೆ ನೋಟಿಸ್ ಸಂಬಳ, ಮೂರು ತಿಂಗಳ ಪರಿಹಾರ ಸಿಕ್ಕಿತು. ನನಗೆ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಬಿಡುವಾಗ ಕೊಡುವ ಹಣ, ಮಾತ್ರ. ಅವನು ಆ ಹಣದಲ್ಲಿ ನಾಲ್ಕು ತಿಂಗಳು ನೆಮ್ಮದಿಯಾಗಿ ಹುಡುಕಿ ಒಳ್ಳೆಯ ಕಡೆ ಸೇರಿದ. ನಾನು ಹತ್ತೇ ದಿನದಲ್ಲಿ ಕೈಗೆ ಸಿಕ್ಕಿದ್ದಕ್ಕೆ ಸೇರಬೇಕಾಯಿತು.

ಈಗ ಕೋಲಾರ ಎಪಿಎಂಸಿಯಲ್ಲಿ ಒಂದು ಮಂಡಿಯ ಲೆಕ್ಕ ಬರೆಯುತ್ತೇನೆ. ಹದಿನೈದು ಕೆಜಿಯ ಬಾಕ್ಸ್ ಬೆಳಿಗ್ಗೆ ಎಷ್ಟಕ್ಕೆ ಹೋಯಿತು, ಹತ್ತು ಗಂಟೆಗೆ ಎಷ್ಟಕ್ಕೆ ಇಳಿಯಿತು ಎಂದು ದಿನಾ ನೋಡುತ್ತೇನೆ. ಬೆಲೆ ಬೀಳುತ್ತದೆ ಎಂಬ ಗಾಳಿಸುದ್ದಿಗೆ ಹೆದರಿ ಮೊದಲೇ ಕೊಟ್ಟು ಹೋದ ರೈತರ ಮುಖದಲ್ಲಿ ನನ್ನ ಮುಖವೇ ಕಾಣುತ್ತದೆ.

ಸ್ವರ್ಣ ಪ್ಯಾಸೆಂಜರ್ (ಫೆಬ್ರವರಿ 9, ಸಂಜೆ 7.05)

ಮೇಲಿನವರ ಮಾತಿಗೆ ಗೌರವವಿದೆ. ಆದರೂ ನಾನು ಬೇರೆ ಹೇಳುತ್ತೇನೆ.

ಬಂಗಾರಪೇಟೆಯಿಂದ ಬೆಂಗಳೂರಿಗೆ ಒಂಬತ್ತು ವರ್ಷ ರೈಲಿನಲ್ಲಿ ಓಡಾಡಿದವನು ನಾನು. ಮಾರಿಕುಪ್ಪಂನಿಂದಲೇ ತುಂಬಿ ಬರುವ ಗಾಡಿ, ಬಾಗಿಲಲ್ಲಿ ನಿಂತು ಹೋಗುವುದು. ಕೊನೆಯ ಎರಡು ವರ್ಷ ಮೇಲಧಿಕಾರಿ ದಿನವೂ ಎಲ್ಲರೆದುರು ಹಂಗಿಸುತ್ತಿದ್ದ. ತೆಗೆಯುತ್ತೇನೆ ಎನ್ನುತ್ತಿದ್ದ, ತೆಗೆಯುತ್ತಿರಲಿಲ್ಲ. ಕಾಯಬೇಕು, ಬಾಕಿ ಬಿಡಬಾರದು, ಲೆಕ್ಕ ಪೂರ್ತಿ ಆಗಲಿ ಎಂದು ನಾನೂ ಕಾದೆ. ಒಂದು ದಿನ ವೈಟ್‌ಫೀಲ್ಡ್ ದಾಟುವಾಗ ಬೆವರು ಕಿತ್ತುಕೊಂಡು ಬಂದು ಕುಸಿದೆ. ರಕ್ತದೊತ್ತಡ 180 ದಾಟಿತ್ತು. ಆಗ ನನಗೆ 38 ವರ್ಷ.

ಆರು ತಿಂಗಳ ಮನೆ ಖರ್ಚು ಕೂಡಿಟ್ಟುಕೊಂಡು, ಕೈಯಲ್ಲಿ ಬೇರೆ ಕೆಲಸ ಇಲ್ಲದೆಯೇ ಬಿಟ್ಟೆ. ಇವತ್ತಿಗೂ ಪಶ್ಚಾತ್ತಾಪವಿಲ್ಲ. ಸಂಬಳಪಟ್ಟಿ ಸರ್, ನೀವು ಹೇಳುವ ಕಾಗದವೆಲ್ಲ ಸರಿ. ಮನುಷ್ಯನೇ ಉಳಿಯದಿದ್ದರೆ ಆ ಕಾಗದ ಯಾರಿಗೆ?

ಸಂಬಳಪಟ್ಟಿ (ಫೆಬ್ರವರಿ 9, ರಾತ್ರಿ 8.30)

ಒಪ್ಪುತ್ತೇನೆ. ದೇಹ ಬೇಡ ಎಂದ ಮೇಲೆ ಲೆಕ್ಕ ಹಾಕುತ್ತಾ ಕೂರಬಾರದು. ಆದರೆ ನೀವು ಆರು ತಿಂಗಳ ಖರ್ಚು ಇಟ್ಟುಕೊಂಡು ಬಿಟ್ಟಿರಿ. ಈ ತಮ್ಮನ ಬಳಿ ಅದು ಇದೆಯೇ? ಮನೆಯಲ್ಲಿ ಹೆರಿಗೆ ಹತ್ತಿರವಿದೆ. ನಾನು ಬಿಡಬೇಡಿ ಎನ್ನುತ್ತಿಲ್ಲ. ಭಯದಲ್ಲಿ ಬಿಡಬೇಡಿ, ಬುಧವಾರದೊಳಗೆ ಬಿಡಬೇಡಿ ಎನ್ನುತ್ತಿದ್ದೇನೆ.

ನಿಮ್ಮ ಲೆಕ್ಕ ಹೀಗಿದೆ, ತಮ್ಮಾ. ಗ್ರಾಚ್ಯುಟಿ ಎಂದರೆ 15,600ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 9,000. ಐದು ವರ್ಷಕ್ಕೆ 45,000. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು, ಬಹಳ ಕಂಪನಿಗಳು ಅದನ್ನೇ ಪಾಲಿಸುತ್ತವೆ, ಕೆಲವು ತಕರಾರು ತೆಗೆಯುತ್ತವೆ. ಆ ಲೆಕ್ಕದಲ್ಲಿ ನಿಮಗೆ ಜೂನ್, ತಕರಾರಿಲ್ಲದ ಲೆಕ್ಕದಲ್ಲಿ ಅಕ್ಟೋಬರ್. ಈ ಬುಧವಾರ ಬರೆದುಕೊಟ್ಟರೆ ಸೊನ್ನೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅವಧಿ ಗೊತ್ತುಪಡಿಸಿದ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು, ಕಾಯಂನವರಿಗೆ ಅಲ್ಲ. ಅದಕ್ಕೇ ನಿಮ್ಮ ನೇಮಕಾತಿ ಪತ್ರ ಕೇಳಿದ್ದು.

ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ವಿಷಯದಲ್ಲಿ ನಿಮಗೆ ಧೈರ್ಯ ಹೇಳಬಹುದು. ನಿಮ್ಮ ಸಂಬಳ 21,000ದ ಮಿತಿಯೊಳಗೆ ಇದೆ. ಕಳೆದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಈ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ವಂತಿಗೆಗೆ ಜುಲೈಯಿಂದ ಡಿಸೆಂಬರ್. ಒಂದೊಂದು ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಅಂದರೆ ನಾಳೆಯೇ ಕೆಲಸ ಹೋದರೂ ಹೆರಿಗೆಯ ಹೊತ್ತಿಗೆ ನಿಮ್ಮ ಹೆಂಡತಿಯ ಚಿಕಿತ್ಸೆ ತಪ್ಪುವುದಿಲ್ಲ. ಕಾರ್ಡ್ ತೆಗೆದುಕೊಂಡು ಶಾಖಾ ಕಚೇರಿಗೆ ಹೋಗಿ ಒಮ್ಮೆ ಖಚಿತಪಡಿಸಿಕೊಳ್ಳಿ. ನಿಮ್ಮ ಭಯದಲ್ಲಿ ಅರ್ಧ ಇದೇ ಎಂದು ನನಗೆ ಅನ್ನಿಸುತ್ತದೆ.

ಪಿಎಫ್ ಎಲ್ಲಿಗೂ ಓಡಿಹೋಗುವುದಿಲ್ಲ. ಕೆಲಸ ಬದಲಾದರೆ ವರ್ಗಾಯಿಸಿಕೊಳ್ಳಿ, ಮುರಿಯಬೇಡಿ. ಐದು ವರ್ಷಕ್ಕೆ ಮೊದಲು ತೆಗೆದರೆ ತೆರಿಗೆಯ ಮಾತು ಬರುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಎಣಿಕೆಯೂ ಕೆಡುತ್ತದೆ.

ಮುಳಬಾಗಿಲು ಅಕ್ಕ (ಫೆಬ್ರವರಿ 9, ರಾತ್ರಿ 9.10)

ತಮ್ಮಾ, ಹೆಂಡತಿಗೆ ಹೇಳಿದ್ದೀಯಾ?

ನಮ್ಮ ಯಜಮಾನರು ಕೆಲಸ ಹೋದ ಮೇಲೆ 22 ದಿನ ಎಂದಿನಂತೆ ಬುತ್ತಿ ತೆಗೆದುಕೊಂಡು ಹೊರಟರು. ಸಂಜೆ ಡಬ್ಬಿ ತೊಳೆಯುವಾಗ ನನಗೆ ಅನುಮಾನ ಬಂತು. ಕಾರ್ಖಾನೆಯಿಂದ ಬರುವ ಡಬ್ಬಿಯ ಹಿಡಿಯಲ್ಲಿ ಯಾವತ್ತೂ ಎಣ್ಣೆಯ ಜಿಡ್ಡು ಇರುತ್ತಿತ್ತು. ಆ ಡಬ್ಬಿಯಲ್ಲಿ ಜಿಡ್ಡು ಇರಲಿಲ್ಲ, ಮಣ್ಣಿನ ಧೂಳು ಇತ್ತು. ಕೆರೆ ಏರಿಯ ಮೇಲೆ ಕೂತು ಉಂಡು ಬರುತ್ತಿದ್ದರಂತೆ. ಕೆಲಸ ಹೋಯಿತು ಎಂದು ನಾನು ಅಳಲಿಲ್ಲ. ಇಷ್ಟು ದಿನ ಒಬ್ಬರೇ ಕೂತು ಉಂಡರಲ್ಲ ಎಂದು ಅತ್ತೆ.

ಬಸುರಿ ಎಂದು ಮುಚ್ಚಿಡಬೇಡ. ಅವಳಿಗೆ ಆಗಲೇ ಗೊತ್ತಾಗಿರುತ್ತದೆ.

ಚಿನ್ನದ ಗಣಿಯ ಮಗಳು (ಫೆಬ್ರವರಿ 9, ರಾತ್ರಿ 10.45)

ಅಕ್ಕನ ಮಾತು ಓದಿ ಬರೆಯದೆ ಇರಲಾಗಲಿಲ್ಲ.

ಕೆಜಿಎಫ್‌ನವರಿಗೆ ಈ ಪ್ರಶ್ನೆ ಹೊಸದಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಮುಚ್ಚುತ್ತದಂತೆ ಎಂಬ ಮಾತು ಮಾತ್ರ ನಾನು ಮೂರನೇ ತರಗತಿಯಲ್ಲಿ ಇದ್ದಾಗಿನಿಂದಲೂ ಮನೆಯಲ್ಲಿ ಇತ್ತು. ಅಪ್ಪ ನೆಲದಡಿಯ ಕೆಲಸಗಾರ. ಪಾಳಿಯ ಸೈರನ್ ಆದ ಮೇಲೆ ಮನೆಗೆ ಬರುವ ಹೊತ್ತು ಸ್ವಲ್ಪ ತಡವಾದರೆ ಅಮ್ಮನಿಗೆ ಎರಡು ಭಯ: ಕೆಳಗೆ ಬಂಡೆ ಕುಸಿಯಿತೋ, ಮೇಲೆ ನೋಟಿಸ್ ಅಂಟಿಸಿದರೋ.

ಅಪ್ಪನ ಜೊತೆಯವರಲ್ಲಿ ಕೆಲವರು ಮೊದಲೇ ಬಿಟ್ಟು ಬೆಂಗಳೂರಿನ ದಾರಿ ಹಿಡಿದರು. ಕೆಲವರು ಕೊನೆಯ ದಿನದವರೆಗೂ ಇಳಿದರು. ಯಾರು ಸರಿ ಎಂದು ನನ್ನನ್ನು ಕೇಳಿದರೆ ಇಷ್ಟು ವರ್ಷವಾದ ಮೇಲೂ ಹೇಳಲಾರೆ. ಮೊದಲು ಹೋದವರಲ್ಲಿ ನೆಲೆ ಕಂಡವರೂ ಇದ್ದಾರೆ, ಕುಡಿತಕ್ಕೆ ಬಿದ್ದವರೂ ಇದ್ದಾರೆ. ಕೊನೆಯವರೆಗೆ ಇದ್ದವರದೂ ಅದೇ ಕತೆ. ಆದರೆ ನಮ್ಮ ಮನೆಯನ್ನು ಉಳಿಸಿದ್ದು ಏನು ಎಂದು ಹೇಳಬಲ್ಲೆ. ಆ ಕಾಯುವ ವರ್ಷಗಳಲ್ಲಿ ಅಮ್ಮ ಹೊಲಿಗೆ ಕಲಿತಳು. ಅಪ್ಪ ಹಗಲು ಪಾಳಿ ಇದ್ದ ವಾರ ಸಂಜೆ ಒಬ್ಬ ಮೇಸ್ತ್ರಿಯ ಬಳಿ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಕೂಲಿ ಕೇಳುತ್ತಿರಲಿಲ್ಲ, ಕೆಲಸ ಕಲಿಸಿದರೆ ಸಾಕು ಎನ್ನುತ್ತಿದ್ದರು. ಗಣಿ ಮುಚ್ಚಿದ ಮಾರ್ಚ್ ತಿಂಗಳಲ್ಲಿ ನಮ್ಮ ಸಾಲಿನ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವುದು ಕಷ್ಟವಾಗಿತ್ತು. ಅಪ್ಪ ಆಗ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಅಂಗಡಿಗೆ ವೈರ್ ಎಳೆಯುತ್ತಿದ್ದರು.

ನಿಮಗೆ ಇನ್ನೂ ಸಂಬಳ ಬರುತ್ತಿದೆ. ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ನೆರಳಲ್ಲಿ ಬೆಳೆದವಳಾಗಿ ಹೇಳುತ್ತೇನೆ, ಸಂಬಳ ಬರುತ್ತಿರುವಾಗ ಹೊಸ ಕೆಲಸ ಹುಡುಕುವವನ ದನಿ ಒಂದು ತರಹ, ನಿಂತ ಮೇಲೆ ಹುಡುಕುವವನ ದನಿ ಇನ್ನೊಂದು ತರಹ. ಎದುರಿಗೆ ಕೂತು ಸಂದರ್ಶನ ಮಾಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ರಜೆ ಹಾಕಿ, ಮಾಲೂರಿಗೆ ಹೋಗಿ, ವೇಮಗಲ್‌ಗೆ ಹೋಗಿ, ನಾಲ್ಕು ಕಡೆ ಅರ್ಜಿ ಕೊಡಿ. ಬಿಡುವುದೋ ಇರುವುದೋ ಎಂಬ ಪ್ರಶ್ನೆ ಆಮೇಲೆ ಇಷ್ಟು ಭಾರ ಇರುವುದಿಲ್ಲ.

ಕಪ್ಪು ಕೋಟು (ಫೆಬ್ರವರಿ 10, ಬೆಳಿಗ್ಗೆ 7.20)

ಕೋಲಾರದ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. ಕಾನೂನಿನ ಭಾಗವನ್ನು ಮಾತ್ರ ಹೇಳುತ್ತೇನೆ.

ಎರಡು ಮೆಮೊ ಎಂದರೆ ವಜಾ ಅಲ್ಲ. ಎರಡನೆಯ ಮೆಮೊಗೆ ಇಂದೇ ಸಮಜಾಯಿಷಿ ಬರೆಯಿರಿ. ಉತ್ತರ ಕೊಡದಿದ್ದರೆ ಒಪ್ಪಿಕೊಂಡಂತೆ ಎಂದು ಅವರು ಬರೆದುಕೊಳ್ಳುತ್ತಾರೆ. ತಪ್ಪನ್ನು ಮರೆಮಾಚಬೇಡಿ, ಆದರೆ ಹದಿನಾರು ಗಂಟೆ ನಿಲ್ಲಿಸಿದ್ದನ್ನು, ಬದಲಿ ಬಾರದಿದ್ದನ್ನು, ಯಾರಿಗೆ ತಿಳಿಸಿದ್ದಿರಿ ಎಂಬುದನ್ನು ತಾರೀಖು, ಗಂಟೆ ಸಮೇತ ಬರೆಯಿರಿ. ಆ ದಿನದ ಹಾಜರಾತಿ ದಾಖಲೆಯನ್ನು ಉಲ್ಲೇಖಿಸಿ. ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಕೊಡದಿದ್ದರೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ.

ಬುಧವಾರ ಒಳಗೆ ಕರೆದರೆ ಹೋಗಿ. "ನಾನು ರಾಜೀನಾಮೆ ಕೊಡುತ್ತಿಲ್ಲ, ನಿಮ್ಮ ನಿರ್ಧಾರ ಏನಿದ್ದರೂ ಬರವಣಿಗೆಯಲ್ಲಿ ಕೊಡಿ" ಎಂಬ ಒಂದೇ ವಾಕ್ಯ ಸಾಕು. ವಾದ ಬೇಡ, ಕಣ್ಣೀರು ಬೇಡ. ಒಂದು ವೇಳೆ ಒತ್ತಾಯ ಮಾಡಿ ಬರೆಸಿಕೊಂಡರೆ ಅದೇ ದಿನ ಇಮೇಲ್‌ನಲ್ಲಿ ಅದನ್ನು ತಿಳಿಸಿ, ಕಾರ್ಮಿಕ ಇಲಾಖೆಯ ಅಧಿಕಾರಿಗೂ ದೂರು ಕೊಡಿ. ಆರು ತಿಂಗಳು ಬಿಟ್ಟು ಬಂದು "ಬಲವಂತವಾಗಿ ಬರೆಸಿಕೊಂಡರು" ಎಂದರೆ ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. ಮುಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಕೊಟ್ಟ ರಾಜೀನಾಮೆಯನ್ನು ಆ ತಾರೀಖಿಗೆ ಮೊದಲು ಹಿಂಪಡೆಯಲು ಸಾಮಾನ್ಯವಾಗಿ ಅವಕಾಶವಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು ಎಂದೇ ಬರೆದಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬನ್ನಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಒಂದು ಕಹಿ ಮಾತನ್ನೂ ಹೇಳಬೇಕು. ಇಂಥ ಪ್ರಕರಣಗಳು ವರ್ಷಗಟ್ಟಲೆ ಎಳೆಯುತ್ತವೆ. ನ್ಯಾಯಾಲಯವನ್ನು ನಂಬಿಕೊಂಡು ಸಂಸಾರದ ಲೆಕ್ಕ ಹಾಕಬೇಡಿ. ಕೆಲಸ ಹುಡುಕುವುದನ್ನು ನಿಲ್ಲಿಸಬೇಡಿ.

ಸ್ವರ್ಣ ಪ್ಯಾಸೆಂಜರ್ (ಫೆಬ್ರವರಿ 10, ಬೆಳಿಗ್ಗೆ 8.00)

ಅಣ್ಣ, ನಿಮ್ಮ ಮನೆಯ ಸ್ಥಿತಿಯಲ್ಲಿ ನಾನೂ ಬಿಡಿ ಎನ್ನಲಾರೆ. ರಕ್ತದೊತ್ತಡವನ್ನು ಮಾತ್ರ ವಾರಕ್ಕೊಮ್ಮೆ ನೋಡಿಸಿಕೊಳ್ಳಿ. ಎರಡು ಪಾಳಿ ಒಟ್ಟಿಗೆ ನಿಲ್ಲಿ ಎಂದರೆ ಆಗುವುದಿಲ್ಲ ಎಂದು ಬರೆದುಕೊಡಿ. ಇದೆಲ್ಲ ಶುರುವಾಗಿದ್ದು ಅಲ್ಲಿಂದಲೇ.

ಅಂತರಗಂಗೆ ದಾರಿ (ಫೆಬ್ರವರಿ 12, ರಾತ್ರಿ 10.20)

ಎಲ್ಲರಿಗೂ ಕೈಮುಗಿಯುತ್ತೇನೆ.

ಸೋಮವಾರ ರಾತ್ರಿಯೇ ಹೆಂಡತಿಗೆ ಹೇಳಿದೆ. ಅಕ್ಕ ಹೇಳಿದಂತೆಯೇ ಆಯಿತು, ಅವಳಿಗೆ ಗೊತ್ತಿತ್ತು. ಪ್ಯಾಂಟ್ ಒಗೆಯಲು ತೆಗೆದಾಗ ಜೇಬಿನಲ್ಲಿ ಮಡಚಿದ ಹಾಳೆ ಸಿಕ್ಕಿತ್ತಂತೆ. ಖಾಲಿ ಹಾಳೆಯನ್ನು ಇವರು ಇಷ್ಟು ಜೋಪಾನವಾಗಿ ಏಕೆ ಇಟ್ಟುಕೊಂಡಿದ್ದಾರೆ ಎಂದು ಹೆದರಿದ್ದಳಂತೆ. ಆ ಹಾಳೆಯ ಮೇಲೆಯೇ ಇಬ್ಬರೂ ಕೂತು ಸಮಜಾಯಿಷಿಯ ಕರಡು ಬರೆದೆವು. ಎರಡು ಬದಿಯೂ ತುಂಬಿತು.

ಬುಧವಾರ ಕರೆದರು. ವಕೀಲರು ಹೇಳಿಕೊಟ್ಟ ವಾಕ್ಯವನ್ನು ಹೇಳಿ, ಉತ್ತರವನ್ನು ಮೇಜಿನ ಮೇಲಿಟ್ಟೆ. ಕೈ ನಡುಗುತ್ತಿತ್ತು. ಅಧಿಕಾರಿ ಓದಿದರು. ಹದಿನಾರು ಗಂಟೆಯ ಸಾಲಿಗೆ ಬಂದಾಗ ನಿಲ್ಲಿಸಿ, ಇದನ್ನು ಬರೆಯಲೇಬೇಕಿತ್ತೇ ಎಂದು ಕೇಳಿದರು. ಹೌದು ಸರ್ ಎಂದೆ. ಪ್ರತಿಯ ಮೇಲೆ ಸಹಿ ಹಾಕಿಕೊಟ್ಟರು. ಮುಂದೆ ಏನು ಮಾಡುತ್ತಾರೋ ಹೇಳಲಿಲ್ಲ.

ಅಂತರಗಂಗೆ ದಾರಿ (ಏಪ್ರಿಲ್ 26, ಸಂಜೆ 6.30)

ಕೆಲವರು ಖಾಸಗಿಯಾಗಿ ವಿಚಾರಿಸಿದ್ದಕ್ಕೆ ಬರೆಯುತ್ತಿದ್ದೇನೆ. ಏಪ್ರಿಲ್ 14ಕ್ಕೆ ಹೆಣ್ಣುಮಗು ಆಯಿತು, ತಾಯಿ ಮಗು ಚೆನ್ನಾಗಿದ್ದಾರೆ. ಇಎಸ್‌ಐ ಕಾರ್ಡಿನಲ್ಲೇ ಎಲ್ಲ ಆಯಿತು.

ಎರಡನೆಯ ಮೆಮೊವನ್ನು ಎಚ್ಚರಿಕೆ ಕೊಟ್ಟು ಮುಗಿಸಿದ್ದಾರೆ. ಪತ್ರ ಮಾರ್ಚ್ ಕೊನೆಗೆ ಕೈಸೇರಿತು. ವ್ಯವಸ್ಥಾಪಕರ ಮುಖ ಬದಲಾಗಿಲ್ಲ. ಭಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ, ಎಚ್‌ಆರ್ ಕೋಣೆಯ ಬಾಗಿಲು ತೆರೆದ ಸದ್ದಾದರೆ ಈಗಲೂ ಆ ಕಡೆ ನೋಡುತ್ತೇನೆ. ಎರಡು ಪಾಳಿ ಒಟ್ಟಿಗೆ ನಿಲ್ಲುವುದನ್ನು ಬರೆದುಕೊಟ್ಟು ನಿಲ್ಲಿಸಿದ್ದೇನೆ.

ಈ ಜಾಗ ಬಿಡಬೇಕು ಎಂಬುದು ನಮ್ಮಿಬ್ಬರಿಗೂ ನಿಶ್ಚಯವಾಗಿದೆ. ಆದರೆ ಬೇರೆ ಕಡೆಯ ನೇಮಕಾತಿ ಪತ್ರ ಕೈಗೆ ಬಂದ ಮೇಲೆ, ಸಾಧ್ಯವಾದರೆ ಜೂನ್ ದಾಟಿದ ಮೇಲೆ. ನಾಲ್ಕು ಕಡೆ ಅರ್ಜಿ ಕೊಟ್ಟಿದ್ದೆ, ಮಾಲೂರಿನಿಂದ ಗುರುವಾರ ಸಂದರ್ಶನಕ್ಕೆ ಕರೆದಿದ್ದಾರೆ. ಸಂಬಳಪಟ್ಟಿ ಸರ್, ಈಗಿನ ಕೆಲಸ ಏಕೆ ಬಿಡುತ್ತಿದ್ದೀರಿ ಎಂದು ಕೇಳಿದರೆ ಏನು ಹೇಳಲಿ?

ಸಂಬಳಪಟ್ಟಿ (ಏಪ್ರಿಲ್ 26, ರಾತ್ರಿ 8.05)

ಮಗುವಿಗೆ ಆಶೀರ್ವಾದ.

ಹಳೆಯ ಕಂಪನಿಯನ್ನು ದೂರಬೇಡಿ. ನಾಲ್ಕೂವರೆ ವರ್ಷ ಒಂದೇ ತರಹದ ಭಾಗ ನೋಡಿದ್ದೇನೆ, ಬೇರೆ ಬೇರೆ ಅಳತೆಯ ಕೆಲಸ ಕಲಿಯಬೇಕು ಎನ್ನಿ. ಅದು ನಿಜವೂ ಹೌದು. ವಾಪಸು ಬಂದ ಕಂತಿನ ಬಗ್ಗೆ ಅವರೇ ಕೇಳಿದರೆ ಮುಚ್ಚಿಡಬೇಡಿ. ಇಲ್ಲಿ ಬರೆದ ಹಾಗೆಯೇ ಹೇಳಿ, ಆ ಗೇಜಿನ ಮಾತನ್ನೂ ಸೇರಿಸಿ. ಗುಣಮಟ್ಟದ ಕೆಲಸಕ್ಕೆ ಜನ ಆರಿಸುವಾಗ ನಾನು ಹುಡುಕುತ್ತಿದ್ದದ್ದು ಅಂಥ ಉತ್ತರವನ್ನೇ. ಸೇರುವ ದಿನಕ್ಕೆ ಒಂದು ತಿಂಗಳ ನೋಟಿಸ್ ಅವಧಿ ಇದೆ ಎಂದು ಮೊದಲೇ ತಿಳಿಸಿ, ಜೂನ್ ದಾಟಿದ ಮೇಲಿನ ದಿನ ಕೇಳಿ.

ಗುರುವಾರ ಮೊದಲ ಬಸ್ಸಿಗೇ ಹೊರಡಿ.